ಪೋಲೋಗೆ ಹೊಸ ಟೈರ್: ಹತ್ತು ಮಿಲಿಮೀಟರಿನ ಲೆಕ್ಕ

ಕಾರಿನ ಟೈರ್ ಬದಲಿಸಬೇಕು ಎಂದು ಒಮ್ಮೆ ಬಾಯಿಬಿಟ್ಟರೆ ಸಾಕು, ಸಲಹೆಗೆ ಬರವಿಲ್ಲ. ಅಣ್ಣನ ಮಗ, ‘ಅತ್ತೆ, ಹದಿನೇಳು ಇಂಚಿನ ಅಲಾಯ್ ರಿಮ್ ಹಾಕಿಸಿ, ಕಾರಿನ ಗತ್ತೇ ಬೇರೆಯಾಗುತ್ತದೆ’ ಎಂದ. ಸಕಲೇಶಪುರದ ಕಡೆಯ ನನ್ನ ಕಕ್ಷಿದಾರರೊಬ್ಬರು, ಕಾಫಿ ಬೆಳೆಗಾರರು, ‘205ರ ಅಗಲದ ಟೈರ್ ಹಾಕಿಸಿ ಮೇಡಂ, ಘಾಟಿಯಲ್ಲಿ ಕಚ್ಚಿ ಹಿಡಿಯುತ್ತದೆ’ ಎಂದರು. ನಮ್ಮ ಮನೆಯವರು ಪತ್ರಿಕೆಯಿಂದ ತಲೆ ಎತ್ತದೆ, ‘ಇದ್ದದ್ದನ್ನೇ ಹಾಕಿಸು, ಕಂಪನಿಯವರಿಗಿಂತ ನಿನಗೆ ಹೆಚ್ಚು ಗೊತ್ತೇ?’ ಎಂದರು. ಟೈರ್ ಅಂಗಡಿಯವರ ಸಿದ್ಧಾಂತ ಇನ್ನೂ ಸರಳ: ಗೋದಾಮಿನಲ್ಲಿ ಯಾವುದಿದೆಯೋ ಅದೇ ನಿಮ್ಮ ಕಾರಿಗೆ ಸರಿಯಾದ ಅಳತೆ.

ಲೆಕ್ಕ ಪರಿಶೋಧನೆ ನನ್ನ ಹೊಟ್ಟೆಪಾಡು. ಯಾರು ಎಷ್ಟೇ ಆತ್ಮವಿಶ್ವಾಸದಿಂದ ಹೇಳಿದರೂ ಕೂಡಿ ಕಳೆದು ನೋಡದೆ ನಂಬುವ ಅಭ್ಯಾಸ ನನಗಿಲ್ಲ. ಹಾಗಾಗಿ ಒಂದು ಭಾನುವಾರ ಕ್ಯಾಲ್ಕುಲೇಟರ್ ಹಿಡಿದು ಕುಳಿತೆ. ಆ ಲೆಕ್ಕವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಚುರುಕಿನ ಕಾರು ಇಟ್ಟುಕೊಂಡು ಟೈರಿನ ಅಳತೆ ಹೆಚ್ಚಿಸಬೇಕೋ ಬೇಡವೋ ಎಂದು ಡೋಲಾಯಮಾನರಾಗಿರುವವರು ಇದರಲ್ಲಿ ತಮ್ಮ ಅಂಕಿಗಳನ್ನು ತುಂಬಿಕೊಳ್ಳಬಹುದು.

ಮೊದಲು ಕಾರಿನ ಪರಿಚಯ. 2014ರ ಫೋಕ್ಸ್‌ವ್ಯಾಗನ್ ಪೋಲೋ ಜಿಟಿ ಟಿಎಸ್‌ಐ. 1.2 ಲೀಟರಿನ ಟರ್ಬೊ ಪೆಟ್ರೋಲ್ ಎಂಜಿನ್, 105 ಪಿಎಸ್ ಶಕ್ತಿ, 175 ನ್ಯೂಟನ್ ಮೀಟರ್ ಟಾರ್ಕ್, ತಾನಾಗಿ ಬದಲಾಗುವ ಏಳು ಗೇರುಗಳ ಡಿಎಸ್‌ಜಿ. ಇಂದಿನ ಕಾರುಗಳ ಮುಂದೆ ಇವೇನೂ ಎದೆ ತಟ್ಟಿಕೊಳ್ಳುವ ಸಂಖ್ಯೆಗಳಲ್ಲ. ಆದರೂ ದೋಣಿಗಲ್ ದಾಟಿ ಶಿರಾಡಿ ಘಾಟಿಯ ತಿರುವುಗಳಿಗೆ ಇಳಿದಾಗ ಈ ಪುಟ್ಟ ಕಾರು ಚಾಲಕಿಯ ಮನಸ್ಸನ್ನು ಓದುವ ರೀತಿ ನನಗೆ ಇನ್ನೂ ಬೇಸರ ತಂದಿಲ್ಲ. ತಿಂಗಳಿಗೆ ಕೆಲವು ಸಲ ಹಾಸನದಿಂದ ಮಂಗಳೂರಿಗೆ ಕೆಲಸದ ಮೇಲೆ ಹೋಗುತ್ತೇನೆ. ತವರು ಪುತ್ತೂರು, ಅದೂ ಅದೇ ದಾರಿ. ಅಂದರೆ ನನ್ನ ಟೈರುಗಳು ವರ್ಷದ ನಾಲ್ಕು ತಿಂಗಳು ಸುರಿಯುವ ಮಳೆಯಲ್ಲಿ, ಘಾಟಿಯ ಗುಂಡಿಗಳಲ್ಲಿ, ಕೆಂಪು ಮಣ್ಣು ಹರಿದ ತಿರುವುಗಳಲ್ಲಿ ದುಡಿಯಬೇಕು. ಟೈರ್ ಆಯ್ಕೆ ಮಾಡುವಾಗ ಕಾರಿನ ಹೆಸರಿನಷ್ಟೇ ದಾರಿಯ ಹೆಸರೂ ಮುಖ್ಯ. ಈ ಮಾತನ್ನು ಅಂಗಡಿಯಲ್ಲಿ ಯಾರೂ ಕೇಳುವುದಿಲ್ಲ.

ಹಳೆಯ ಟೈರಿನ ಪಕ್ಕೆಯ ಮೇಲೆ 185/60 R15 84H ಎಂದು ಬರೆದಿತ್ತು. 185 ಎಂಬುದು ಟೈರಿನ ಅಗಲ, ಮಿಲಿಮೀಟರಿನಲ್ಲಿ. 60 ಎಂದರೆ ಪಕ್ಕೆಯ ಎತ್ತರ, ಅಗಲದ ಶೇಕಡಾ 60. R ಎಂದರೆ ರೇಡಿಯಲ್, ಟೈರಿನೊಳಗಿನ ನೂಲುಗಳ ಜೋಡಣೆಯ ಬಗೆ. 15 ಎಂಬುದು ರಿಮ್ಮಿನ ವ್ಯಾಸ, ಇಂಚಿನಲ್ಲಿ. ಮಿಲಿಮೀಟರ್, ಶೇಕಡಾ, ಇಂಚು ಮೂರನ್ನೂ ಒಂದೇ ಸಾಲಿನಲ್ಲಿ ತುರುಕಿ ಯಾರಾದರೂ ನನ್ನ ಮೇಜಿಗೆ ಲೆಕ್ಕ ತಂದಿದ್ದರೆ ಹಾಗೆಯೇ ವಾಪಸ್ ಕಳುಹಿಸುತ್ತಿದ್ದೆ. ಆದರೆ ಜಗತ್ತಿನ ಟೈರ್ ಉದ್ಯಮ ಹೀಗೆಯೇ ನಡೆದುಕೊಂಡು ಬಂದಿದೆ. 84 ಎಂಬುದು ಭಾರದ ಸೂಚ್ಯಂಕ: ಒಂದು ಟೈರ್ 500 ಕಿಲೋ ಹೊರಬಲ್ಲದು. H ಎಂದರೆ ಗಂಟೆಗೆ 210 ಕಿಲೋಮೀಟರ್ ವೇಗದವರೆಗೆ ತಾಳಿಕೊಳ್ಳುತ್ತದೆ.

ಈಗ ಲೆಕ್ಕ. 185ರ ಶೇಕಡಾ 60 ಎಂದರೆ 111 ಮಿಲಿಮೀಟರ್. ಪಕ್ಕೆ ಮೇಲೊಂದು ಕೆಳಗೊಂದು ಇರುವುದರಿಂದ ಅದರ ಎರಡರಷ್ಟು, 222. ಇದಕ್ಕೆ ರಿಮ್ಮಿನ ಹದಿನೈದು ಇಂಚು, ಅಂದರೆ 381 ಮಿಲಿಮೀಟರ್ ಸೇರಿಸಿದರೆ ಚಕ್ರದ ಒಟ್ಟು ವ್ಯಾಸ 603. ಈ 603 ಎಂಬುದೇ ನನಗೆ ಆಧಾರ ಸಂಖ್ಯೆ. ಸ್ಪೀಡೋಮೀಟರ್, ಓಡೋಮೀಟರ್, ಗೇರುಗಳ ಅನುಪಾತ, ಚಕ್ರದ ಮೇಲಿನ ಕಮಾನಿನೊಳಗಿನ ಜಾಗ, ಎಲ್ಲವೂ ಈ ವ್ಯಾಸವನ್ನು ನಂಬಿಕೊಂಡೇ ರೂಪುಗೊಂಡಿವೆ. ಬದಲಿ ಟೈರಿನ ವ್ಯಾಸ ಮೂಲಕ್ಕಿಂತ ಶೇಕಡಾ ಎರಡು, ಹೆಚ್ಚೆಂದರೆ ಮೂರರಷ್ಟು ಆಚೀಚೆ ಇರಬಹುದು ಎಂಬುದು ಟೈರ್ ಬಲ್ಲವರು ಸಾಮಾನ್ಯವಾಗಿ ಒಪ್ಪುವ ಮಿತಿ.

ಕಾಫಿ ಬೆಳೆಗಾರರ 205ನ್ನೇ ಮೊದಲು ಹಾಕಿ ನೋಡಿದೆ. 205/60 R15 ಆದರೆ ವ್ಯಾಸ 627, ಮೂಲಕ್ಕಿಂತ ಶೇಕಡಾ 4 ಹೆಚ್ಚು. ಬೇಡ. 205/55 R15 ಆದರೆ 606.5, ಹೆಚ್ಚಳ ಕೇವಲ ಶೇಕಡಾ 0.6. ಕಾಗದದ ಮೇಲೆ ಇದಕ್ಕಿಂತ ಚೆಂದದ ಸಂಖ್ಯೆ ಇಲ್ಲ. ಆದರೆ ಆ ಅಳತೆಯ ಒಳ್ಳೆಯ ಟೈರ್ ನಮ್ಮ ಕಡೆ ಸಿಗಬೇಕಲ್ಲ! 195/60 R15ಕ್ಕೆ ಬಂದರೆ 615, ಶೇಕಡಾ 2 ಹೆಚ್ಚು. 195/55 R15ರಲ್ಲಿ 595.5, ಶೇಕಡಾ 1.2 ಕಡಿಮೆ, ಕಾರು ನಾಲ್ಕು ಮಿಲಿಮೀಟರಿನಷ್ಟು ತಗ್ಗುತ್ತದೆ. ನಮ್ಮ ಊರಿನ ಅವೈಜ್ಞಾನಿಕ ರಸ್ತೆ ಉಬ್ಬುಗಳ ಮೇಲೆ ಈಗಾಗಲೇ ಹೊಟ್ಟೆ ಉಜ್ಜಿಕೊಳ್ಳುವ ಕಾರಿಗೆ ಆ ನಾಲ್ಕು ಮಿಲಿಮೀಟರೂ ಹೊರೆಯೇ. 195/55 R16 ಆದರೆ 621, ಶೇಕಡಾ 3 ಹೆಚ್ಚು. ಇದೇ ಮಾದರಿಯ ಕಾರಿಗೆ ನಂತರದ ವರ್ಷಗಳಲ್ಲಿ ಕಂಪನಿಯೇ ಹದಿನಾರು ಇಂಚಿನ ಈ ಅಳತೆಯನ್ನು ಕೊಟ್ಟಿತು. ಹಾಗಾಗಿ ಜಾಗದ ಪ್ರಶ್ನೆ ಅಲ್ಲಿ ಏಳುವುದಿಲ್ಲ, ಹಣದ ಪ್ರಶ್ನೆ ಏಳುತ್ತದೆ. ಅಣ್ಣನ ಮಗನ ಹದಿನೇಳು ಇಂಚಿಗೆ 215/40 R17 ಹಾಕಿದರೆ ವ್ಯಾಸ 604. ಹುಡುಗನ ಲೆಕ್ಕ ತಪ್ಪಿಲ್ಲ ಎಂದು ಒಪ್ಪಲೇಬೇಕಾಯಿತು. ಅವನ ತಕರಾರಿಗೆ ಉತ್ತರ ಬೇರೆ ಕಡೆ ಇದೆ.

ಅಂಗಡಿಯೊಂದರಲ್ಲಿ ನನಗೆ ತೋರಿಸಿದ್ದು ಮಾತ್ರ ಇವು ಯಾವುವೂ ಅಲ್ಲ, 195/65 R15. ಟೊಯೊಟಾದ ಆಲ್ಟಿಸ್‌ನಂಥ ದೊಡ್ಡ ಸೆಡಾನುಗಳಿಗೆ ಬರುತ್ತಿದ್ದ ಅಳತೆ ಇದು, ಎಲ್ಲ ಕಡೆಯೂ ಧಾರಾಳವಾಗಿ ಸಿಗುತ್ತದೆ. ‘ಮೇಡಂ, 60 ಇರುವ ಕಡೆ 65, ಐದೇ ನಂಬರ್ ವ್ಯತ್ಯಾಸ. ಇನ್ನೂ ಮೆತ್ತಗೆ ಓಡುತ್ತದೆ’ ಎಂದರು. ಐದು ನಂಬರಿನ ವ್ಯತ್ಯಾಸ ಎಂದರೇನು? ಪಕ್ಕೆಯ ಎತ್ತರ 127 ಮಿಲಿಮೀಟರ್ ಸಮೀಪಕ್ಕೆ ಹೋಗುತ್ತದೆ, ವ್ಯಾಸ 634.5 ಆಗುತ್ತದೆ. ಶೇಕಡಾ 5.2ರಷ್ಟು ದೊಡ್ಡ ಚಕ್ರ! ಸ್ಟಿಯರಿಂಗ್ ಪೂರ್ತಿ ತಿರುಗಿಸಿ ಗುಂಡಿಗಿಳಿದಾಗ ಒಳಗಿನ ಪ್ಲಾಸ್ಟಿಕ್ ಹೊದಿಕೆಗೆ ಉಜ್ಜುವ ಭಯವಿದೆ. ಎಂಜಿನ್ನಿನ ಟಾರ್ಕ್ ಅಷ್ಟೇ ಇದ್ದರೂ ಚಕ್ರ ರಸ್ತೆಯನ್ನು ತಳ್ಳುವ ಬಲ ಶೇಕಡಾ ಐದರಷ್ಟು ಕಡಿಮೆಯಾಗುತ್ತದೆ. ಚುರುಕಿಗೆಂದು ಹೆಚ್ಚು ಹಣ ಕೊಟ್ಟು ಕೊಂಡ ಕಾರನ್ನು ನಾವೇ ಮಂಕು ಮಾಡಿದಂತೆ. ‘ಬೇಡಪ್ಪ’ ಎಂದೆ. ಅವರು ಕ್ಯಾಲ್ಕುಲೇಟರನ್ನೂ ನನ್ನನ್ನೂ ಒಂದೇ ದೃಷ್ಟಿಯಲ್ಲಿ ನೋಡಿದರು.

ಸ್ಪೀಡೋಮೀಟರಿನ ವಿಷಯ ಸ್ವಲ್ಪ ಸ್ವಾರಸ್ಯದ್ದು. ಕಾರು ನಿಜವಾಗಿ ಓಡುತ್ತಿರುವ ವೇಗಕ್ಕಿಂತ ಕಡಿಮೆಯನ್ನು ಮುಳ್ಳು ಎಂದೂ ತೋರಿಸಬಾರದು, ಸ್ವಲ್ಪ ಹೆಚ್ಚು ತೋರಿಸಿದರೆ ತೊಂದರೆಯಿಲ್ಲ ಎಂಬುದು ವಿಶ್ವಸಂಸ್ಥೆಯ ವಾಹನ ನಿಯಮಗಳ ಧೋರಣೆ. ಆದ್ದರಿಂದ ತಯಾರಕರು ಮುಳ್ಳನ್ನು ತುಸು ಮುಂದಕ್ಕೇ ಇಟ್ಟಿರುತ್ತಾರೆ. ನನ್ನ ಕಾರಿನಲ್ಲಿ ಮುಳ್ಳು 100 ತೋರಿಸುವಾಗ ಮೊಬೈಲಿನ ಜಿಪಿಎಸ್ 95ರ ಆಸುಪಾಸು ಹೇಳುತ್ತಿತ್ತು. 195/60 R15 ಹಾಕಿದ ಮೇಲೆ ಅದೇ 100ಕ್ಕೆ ನಿಜ ವೇಗ 97ರ ಹತ್ತಿರ ಬಂದಿದೆ. ಅಂದರೆ ಮುಳ್ಳು ಈಗ ಮೊದಲಿಗಿಂತ ಹೆಚ್ಚು ಪ್ರಾಮಾಣಿಕ. ಆ 195/65 ಹಾಕಿಸಿದ್ದರೆ ಈ ಅಂತರವೆಲ್ಲ ಸವೆದು 100 ಎಂದರೆ 100 ಆಗುತ್ತಿತ್ತು. ಮುಳ್ಳಿನ ಮೇಲೆ ಭಾರ ಹಾಕಿ ವೇಗಮಿತಿಯ ಅಂಚಿನಲ್ಲಿ ಓಡಿಸುವವರಿಗೆ ಕ್ಯಾಮೆರಾದ ಚಲನ್ ಮನೆಗೆ ಬರುತ್ತಿತ್ತು.

ಓಡೋಮೀಟರಿನಲ್ಲಿ ಇದರ ತಿರುಗುಮುರುಗು. ಚಕ್ರ ದೊಡ್ಡದಾದ್ದರಿಂದ ಒಂದು ಸುತ್ತಿಗೆ ಕಾರು ಹೆಚ್ಚು ದೂರ ಹೋಗುತ್ತದೆ, ಆದರೆ ಕಾರಿಗೆ ಅದು ಗೊತ್ತಿಲ್ಲ. ನಿಜವಾಗಿ 12,000 ಕಿಲೋಮೀಟರ್ ಓಡಿದರೆ ಪುಸ್ತಕದಲ್ಲಿ 11,765ರಷ್ಟೇ ಜಮಾ. ಲೀಟರಿಗೆ 15 ಕೊಡುತ್ತಿದ್ದ ಕಾರು ಮರುದಿನದಿಂದ 14.7 ಕೊಡುವಂತೆ ಕಾಣುತ್ತದೆ. ‘ದೊಡ್ಡ ಟೈರ್ ಹಾಕಿಸಿದೆ, ಮೈಲೇಜ್ ಬಿದ್ದುಹೋಯಿತು’ ಎಂದು ಗೋಳಾಡುವವರಲ್ಲಿ ಎಷ್ಟು ಜನ ಈ ಶೇಕಡಾ ಎರಡನ್ನು ವಾಪಸ್ ಸೇರಿಸಿ ನೋಡಿದ್ದಾರೋ! ಹಾಗೆಂದು ಬೀಳುವುದೇ ಇಲ್ಲ ಎಂದಲ್ಲ. ಟೈರ್ ಭಾರವಾದಷ್ಟೂ, ಅದರ ಉರುಳುವ ಪ್ರತಿರೋಧ ಹೆಚ್ಚಿದಷ್ಟೂ ಪೆಟ್ರೋಲ್ ಕುಡಿಯುತ್ತದೆ. ಆದರೆ ತಪ್ಪು ಲೆಕ್ಕದ ನಷ್ಟವನ್ನು ನಿಜವಾದ ನಷ್ಟದ ಜೊತೆ ಬೆರೆಸಬಾರದು.

ಇನ್ನು ಅಗಲ. ಎಲ್ಲರೂ ಮರುಳಾಗುವುದು ಇಲ್ಲೇ. ಅಗಲ ಹೆಚ್ಚಾದರೆ ರಸ್ತೆಗೆ ತಾಗುವ ರಬ್ಬರ್ ಅಷ್ಟೇ ಪ್ರಮಾಣದಲ್ಲಿ ಹೆಚ್ಚಾಗುತ್ತದೆ ಎಂಬುದು ಸಾಮಾನ್ಯ ನಂಬಿಕೆ. ಸ್ಥೂಲವಾಗಿ ನೋಡಿದರೆ ರಸ್ತೆಗೆ ತಾಗುವ ಜಾಗವನ್ನು ನಿರ್ಧರಿಸುವುದು ಚಕ್ರದ ಮೇಲಿನ ಭಾರ ಮತ್ತು ಒಳಗಿನ ಗಾಳಿಯ ಒತ್ತಡ. ನನ್ನ ಕಾರಿನ ಮುಂದಿನ ಒಂದು ಚಕ್ರದ ಮೇಲೆ ಸುಮಾರು 320 ಕಿಲೋ ಭಾರ ಎಂದು ಇಟ್ಟುಕೊಳ್ಳಿ. ಗಾಳಿ 33 ಪಿಎಸ್‌ಐ, ಅಂದರೆ ಚದರ ಸೆಂಟಿಮೀಟರಿಗೆ 2.3 ಕಿಲೋ. ಭಾಗಿಸಿದರೆ 140 ಚದರ ಸೆಂಟಿಮೀಟರ್ ಸಮೀಪ ಬರುತ್ತದೆ. ಒಂದು ಅಂಚೆ ಕಾರ್ಡಿಗಿಂತ ಸ್ವಲ್ಪ ದೊಡ್ಡದು, ಅಷ್ಟೇ. ಟೈರಿನ ಪಕ್ಕೆಯ ಬಿಗುವೂ ಸ್ವಲ್ಪ ಭಾರ ಹೊರುವುದರಿಂದ ಈ ಲೆಕ್ಕ ಕರಾರುವಾಕ್ಕಲ್ಲ. ಆದರೆ 185 ತೆಗೆದು 205 ಹಾಕಿದ ಮಾತ್ರಕ್ಕೆ ಆ ಜಾಗ ಅಗಲದ ಪ್ರಮಾಣದಲ್ಲಿ ಹಿಗ್ಗುವುದಿಲ್ಲ ಎಂಬುದಕ್ಕೆ ಸಾಕು. ಮುಖ್ಯವಾಗಿ ಬದಲಾಗುವುದು ಅದರ ಆಕಾರ: ಉದ್ದ ಕಡಿಮೆಯಾಗಿ ಅಡ್ಡಕ್ಕೆ ಹರಡುತ್ತದೆ. ಒಣ ರಸ್ತೆಯ ತಿರುವಿನಲ್ಲಿ ಈ ಆಕಾರದಿಂದ ಲಾಭ ಇದೆ, ಅದನ್ನು ಅಲ್ಲಗಳೆಯುವುದಿಲ್ಲ.

ಮಳೆಯಲ್ಲಿ ಅದೇ ಆಕಾರ ತಿರುಗಿಬೀಳುತ್ತದೆ. ಅಗಲದ ಟೈರ್ ಪ್ರತಿ ಮೀಟರಿಗೂ ಹೆಚ್ಚು ನೀರನ್ನು ಪಕ್ಕಕ್ಕೆ ತಳ್ಳಬೇಕು, ತಳ್ಳಲು ಸಿಗುವ ಸಮಯವೂ ಕಡಿಮೆ. ತಳ್ಳಲಾಗದ ನೀರು ಟೈರಿನ ಕೆಳಗೆ ಸೇರಿಕೊಂಡರೆ ಕಾರು ನೀರಿನ ಮೇಲೆ ತೇಲತೊಡಗುತ್ತದೆ. ಸ್ಟಿಯರಿಂಗ್ ಒಮ್ಮೆಲೇ ಹಗುರಾಗಿ ಎದೆ ಧಸಕ್ಕೆನ್ನುತ್ತದೆ. 1960ರ ದಶಕದಲ್ಲಿ ನಾಸಾದ ಎಂಜಿನಿಯರುಗಳು ವಿಮಾನದ ಟೈರುಗಳ ಮೇಲೆ ಇದನ್ನು ಅಭ್ಯಾಸ ಮಾಡಿ, ತೇಲುವ ವೇಗವು ಗಾಳಿಯ ಒತ್ತಡದ ವರ್ಗಮೂಲಕ್ಕೆ ತಕ್ಕಂತೆ ಬದಲಾಗುತ್ತದೆ ಎಂದು ಕಂಡುಕೊಂಡರು. ಆ ಸೂತ್ರದ ಪ್ರಕಾರ ನೀರು ನಿಂತ ರಸ್ತೆಯಲ್ಲಿ ಬೋಳು ಟೈರಿಗೆ 33 ಪಿಎಸ್‌ಐ ಗಾಳಿ ಇದ್ದರೆ ಗಂಟೆಗೆ 95 ಕಿಲೋಮೀಟರ್ ಸುಮಾರಿಗೆ ಅಪಾಯ. ಗಾಳಿ 25ಕ್ಕೆ ಇಳಿದಿದ್ದರೆ 83ಕ್ಕೇ. ಕಾರಿನ ಟೈರಿಗೆ ಇದನ್ನು ಅಕ್ಷರಶಃ ಅನ್ವಯಿಸಲಾಗದು, ಟೈರಿನ ಮೈಮೇಲಿನ ಗೀರುಗಳ ಆಳವೂ ವಿನ್ಯಾಸವೂ ಲೆಕ್ಕಕ್ಕೆ ಬರುತ್ತವೆ. ಆದರೂ ಜೂನ್ ತಿಂಗಳಿಗೆ ಮುಂಚೆ ಗಾಳಿ ನೋಡಿಸಿಕೊಳ್ಳುವುದಕ್ಕೆ ಇದಕ್ಕಿಂತ ಒಳ್ಳೆಯ ಕಾರಣ ಬೇಕೇ?

ಗೀರಿನ ಆಳದ ವಿಷಯ ಬಂದದ್ದರಿಂದ ಹೇಳುತ್ತೇನೆ. ನಮ್ಮ ಮೋಟಾರು ವಾಹನ ನಿಯಮಗಳ ಪ್ರಕಾರ ಕಾರಿನ ಟೈರಿನ ಗೀರು 1.6 ಮಿಲಿಮೀಟರಿಗಿಂತ ಕಡಿಮೆ ಆಗಬಾರದು. ಗೀರುಗಳ ಒಳಗೆ ಅಷ್ಟೇ ಎತ್ತರದ ಪುಟ್ಟ ದಿಣ್ಣೆ ಇರುತ್ತದೆ, ಟೈರ್ ಅದರ ಮಟ್ಟಕ್ಕೆ ಸವೆದರೆ ಆಯುಷ್ಯ ಮುಗಿದಂತೆ. ಕಾನೂನಿಗೆ ಅಷ್ಟು ಸಾಕು. ಗುಂಡ್ಯದ ಮಳೆಗೆ ಸಾಲದು. ನನ್ನ ಹಳೆಯ ಟೈರುಗಳಲ್ಲಿ ಇನ್ನೂ ಎರಡೂವರೆ ಮಿಲಿಮೀಟರ್ ಉಳಿದಿತ್ತು, ‘ಇನ್ನೊಂದು ಮಳೆಗಾಲ ತಳ್ಳಬಹುದು’ ಎಂದು ಗ್ಯಾರೇಜಿನವರು ಹೇಳಿದರು. ನಾನು ತಳ್ಳಲಿಲ್ಲ.

ಚುರುಕಿನ ಕಾರಿಗೆ ಅಗಲದ ಟೈರ್ ಇರಲೇಬೇಕು ಎಂಬ ನಂಬಿಕೆಗೆ ಕಾರು ಕಂಪನಿಗಳೇ ಆಗಾಗ ಉತ್ತರ ಕೊಟ್ಟಿವೆ. ಓಡಿಸುವ ಸುಖಕ್ಕೆ ಹೆಸರಾದ ಮಜ್ದಾ ಎಂಎಕ್ಸ್-5 ಕಾರು 1989ರಲ್ಲಿ ಬಂದಾಗ ಅದರ ಕಾಲಿಗಿದ್ದದ್ದು 185/60 R14. ನನ್ನ ಪೋಲೋದಷ್ಟೇ ಅಗಲ, ರಿಮ್ ಇನ್ನೂ ಒಂದಿಂಚು ಚಿಕ್ಕದು! 2012ರಲ್ಲಿ ಬಂದ ಟೊಯೊಟಾ 86ಕ್ಕೆ 215/45 R17 ಅಳತೆಯ ಮಿಶೆಲಿನ್ ಪ್ರೈಮಸಿ ಟೈರ್ ಹಾಕಿ ಮಾರಿದಾಗ ‘ಇದೇನು, ಮೈಲೇಜಿನ ಕಾರು ಪ್ರಿಯಸ್‌ನ ಟೈರ್ ಸ್ಪೋರ್ಟ್ಸ್ ಕಾರಿಗೆ?’ ಎಂದು ಜನ ಮೂಗು ಮುರಿದರು. ಹಿಡಿತ ಎಲ್ಲಿ ಮುಗಿಯುತ್ತದೆ ಎಂಬುದು ಕಡಿಮೆ ವೇಗದಲ್ಲೇ, ಮೆಲ್ಲಗೆ ಗೊತ್ತಾಗಬೇಕು ಎಂಬುದು ಆ ಆಯ್ಕೆಯ ತರ್ಕ. ಅಗಲದ ಟೈರ್ ಕೊನೆಯವರೆಗೂ ಗಟ್ಟಿಯಾಗಿ ಹಿಡಿದುಕೊಂಡಿದ್ದು ಬಿಡುವಾಗ ಒಮ್ಮೆಲೇ ಬಿಟ್ಟುಬಿಡುತ್ತದೆ. ಘಾಟಿಯಲ್ಲಿ ಒಂದು ಕಡೆ ಬಂಡೆ, ಇನ್ನೊಂದು ಕಡೆ ಕೆಂಪುಹೊಳೆ ಇರುವಾಗ ನನಗೆ ಮೆಲ್ಲಗೆ ತಿಳಿಸಿ ಬಿಡುವ ಟೈರೇ ಬೇಕು.

ಈಗ ಹದಿನೇಳು ಇಂಚಿನ ತಕರಾರು. 215/40ರಲ್ಲಿ ಪಕ್ಕೆಯ ಎತ್ತರ 86 ಮಿಲಿಮೀಟರ್ ಮಾತ್ರ. ಮೂಲದ 111ರಲ್ಲಿ ಕಾಲು ಭಾಗದಷ್ಟು ಹೋಯಿತು. ಗುಂಡಿಯ ಅಂಚಿಗೆ ಬಡಿದಾಗ ರಿಮ್ಮಿಗೂ ರಸ್ತೆಗೂ ನಡುವೆ ಇರುವ ಮೆತ್ತೆ ಈ ಪಕ್ಕೆಯೇ. ಅದು ತೆಳುವಾದರೆ ಟೈರ್ ಇಬ್ಬದಿಯಿಂದ ಸಿಕ್ಕಿಹಾಕಿಕೊಂಡು ಒಳಗಿನ ನೂಲುಗಳು ಹರಿಯುತ್ತವೆ, ಪಕ್ಕೆಯಲ್ಲಿ ಬುಗುಟು ಏಳುತ್ತದೆ. ಬುಗುಟು ಎದ್ದ ಟೈರಿಗೆ ರಿಪೇರಿ ಇಲ್ಲ, ಎಸೆಯುವುದೊಂದೇ ದಾರಿ. ಅಲಾಯ್ ರಿಮ್ ಬಾಗಿದರೆ ಅದರ ಖರ್ಚು ಬೇರೆ. ಚತುಷ್ಪಥ ಕಾಮಗಾರಿಯ ನಡುವೆ ಶಿರಾಡಿಯ ದಾರಿ ಹೇಗಿರುತ್ತದೆ ಎಂಬುದನ್ನು ಬಲ್ಲವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಅಣ್ಣನ ಮಗ ಬೆಂಗಳೂರು ಹೆದ್ದಾರಿಯಲ್ಲೇ ಓಡಾಡುವವನು, ಅವನ ಕಾರು ಐ20 ಎನ್ ಲೈನ್. ಅದರ ಮೂಲ ಅಳತೆ 195/55 R16. ಅವನು 215/45 R17ಕ್ಕೆ ಹೋದರೆ ವ್ಯಾಸದ ವ್ಯತ್ಯಾಸ ಶೇಕಡಾ ಒಂದೂ ಇಲ್ಲ, ಪಕ್ಕೆ ಹತ್ತು ಮಿಲಿಮೀಟರ್ ತಗ್ಗುತ್ತದೆ ಅಷ್ಟೇ. ಅವನ ದಾರಿಗೆ ಅದು ನಡೆದೀತು. ನನ್ನ ದಾರಿಗೆ ಅಲ್ಲ.

ರಿಮ್ ಬದಲಿಸುವುದು ಎಂದರೆ ಇಂಚು ನೋಡಿ ಕೊಳ್ಳುವ ವ್ಯಾಪಾರವೂ ಅಲ್ಲ. ಪೋಲೋಗೆ ಐದು ಬೋಲ್ಟ್, ಅವು ಕೂಡುವ ವೃತ್ತದ ವ್ಯಾಸ 100 ಮಿಲಿಮೀಟರ್, ನಡುವಿನ ರಂಧ್ರ 57.1. ಹೊರಗಿನ ಅಲಾಯ್‌ಗಳ ರಂಧ್ರ ಸಾಮಾನ್ಯವಾಗಿ ದೊಡ್ಡದಿರುತ್ತದೆ, ಆಗ ನಡುವೆ ಉಂಗುರ ಹಾಕಿಸಬೇಕು. ಇಲ್ಲದಿದ್ದರೆ ವೇಗದಲ್ಲಿ ಸ್ಟಿಯರಿಂಗ್ ನಡುಗುತ್ತದೆ. ಇನ್ನೊಂದು ಸಂಗತಿ ಬಹಳ ಅಂಗಡಿಗಳಲ್ಲಿ ಗಮನಕ್ಕೇ ಬರುವುದಿಲ್ಲ: ಫೋಕ್ಸ್‌ವ್ಯಾಗನ್‌ನ ಮೂಲ ಬೋಲ್ಟಿನ ಕುತ್ತಿಗೆ ಗೋಲಾಕಾರದ್ದು, ಹೊರಗಿನ ಅಲಾಯ್‌ಗಳಲ್ಲಿ ಹೆಚ್ಚಿನವು ಶಂಕುವಿನಾಕಾರದ ಬೋಲ್ಟ್ ಕೇಳುತ್ತವೆ. ಒಂದಕ್ಕೊಂದು ಹೊಂದದೆ ಬಿಗಿದರೆ ಬಿಗಿಯಾದಂತೆ ಕಾಣುತ್ತದೆ, ಓಡುತ್ತಾ ಸಡಿಲವಾಗುತ್ತದೆ. ರಿಮ್ಮಿನ ಮೇಲೆ ET ಎಂದು ಒಂದು ಸಂಖ್ಯೆ ಇರುತ್ತದೆ. ರಿಮ್ಮಿನ ನಡುಗೆರೆಯಿಂದ ಅದು ಹಬ್ಬಿಗೆ (ಕಾರಿನಲ್ಲಿ ಚಕ್ರ ಕೂರುವ ಭಾಗಕ್ಕೆ) ಕೂಡುವ ಮುಖದವರೆಗಿನ ದೂರ ಅದು. ಆ ಸಂಖ್ಯೆ ಐದು ಕಡಿಮೆಯಾದರೆ ಚಕ್ರ ಐದು ಮಿಲಿಮೀಟರ್ ಹೊರಕ್ಕೆ ಬರುತ್ತದೆ. ಹೊರಕ್ಕೆ ಬಂದ ಚಕ್ರ ನೋಡಲು ಠೀವಿ, ಆದರೆ ಬೇರಿಂಗಿಗೂ ಸ್ಟಿಯರಿಂಗಿಗೂ ಹೊರೆ.

ಕಾನೂನಿನ ಮಾತೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ವಾಹನದ ಮೂಲ ವಿವರಗಳಿಗೆ ವಿರುದ್ಧವಾದ ಮಾರ್ಪಾಡನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದಿದೆ. ಅಪಘಾತವಾದಾಗ ವಿಮೆಯ ಸರ್ವೇಯರ್ ಕಾರಿನ ಸುತ್ತ ಒಂದು ಸುತ್ತು ಬರುತ್ತಾರೆ, ಕಮಾನಿನಿಂದ ಹೊರಗೆ ಇಣುಕುವ ಟೈರ್ ಅವರ ಕಣ್ಣಿಗೆ ಬೀಳದೆ ಇರುವುದಿಲ್ಲ. ವ್ಯಾಸ ಹತ್ತಿರವಿರಲಿ, ಟೈರ್ ಕಮಾನಿನ ಒಳಗಿರಲಿ, ಭಾರ ಮತ್ತು ವೇಗದ ಸೂಚ್ಯಂಕ ಮೂಲಕ್ಕಿಂತ ಕಡಿಮೆ ಇಲ್ಲದಿರಲಿ. ಇಷ್ಟಿದ್ದರೆ ವಾದಕ್ಕೆ ನೆಲೆ ಇರುತ್ತದೆ. ಇದು ನನ್ನ ವೃತ್ತಿಯ ಎಚ್ಚರಿಕೆ, ವಕೀಲರ ಅಭಿಪ್ರಾಯ ಅಲ್ಲ.

ಕೊನೆಗೆ ನಾನು ಆರಿಸಿದ್ದು 195/60 R15 88V. ಹಳೆಯ ರಿಮ್ಮೇ, ಆರು ಇಂಚಿನ ಅಗಲದ್ದು. 195ರ ಟೈರಿಗೆ ಐದೂವರೆಯಿಂದ ಏಳು ಇಂಚಿನವರೆಗೆ ನಡೆಯುತ್ತದೆ, ಹಾಗಾಗಿ ಹಿಂಡಿದಂತೆಯೂ ಇಲ್ಲ, ಎಳೆದಂತೆಯೂ ಇಲ್ಲ. 88 ಎಂದರೆ 560 ಕಿಲೋ, ಮೂಲಕ್ಕಿಂತ 60 ಕಿಲೋ ಹೆಚ್ಚು. V ಎಂದರೆ 240 ಕಿಲೋಮೀಟರ್ ವೇಗ. ಆ ವೇಗ ನನಗೆ ಬೇಡ, ಆದರೆ V ಗುರುತಿನ ಟೈರುಗಳ ಕಟ್ಟು ಸಾಮಾನ್ಯವಾಗಿ ಬಿಗಿಯಾಗಿರುತ್ತದೆ. ಎತ್ತರದ ಪಕ್ಕೆಯಿಂದಾಗಿ ಸ್ಟಿಯರಿಂಗ್ ಮಂದವಾಗಬಾರದು ಎಂಬುದು ನನ್ನ ಆಸೆ. ಕಾರು ಆರು ಮಿಲಿಮೀಟರ್ ಮೇಲೇರಿತು. ಪಕ್ಕೆ 117 ಮಿಲಿಮೀಟರ್.

ಹತ್ತು ಮಿಲಿಮೀಟರ್ ಅಗಲಕ್ಕಾಗಿ ಇಷ್ಟೆಲ್ಲ ಪುರಾಣವೇ ಎಂದರೆ, ಅಗಲ ನನಗೆ ಮುಖ್ಯವಾಗಿರಲೇ ಇಲ್ಲ. 185/60 R15ರಲ್ಲಿ ನಮ್ಮ ಕಡೆ ನನಗೆ ಸಿಕ್ಕಿದ್ದು ಹೆಚ್ಚಾಗಿ ಬಾಳಿಕೆ, ಮೈಲೇಜ್ ಎಂದು ಜಾಹೀರಾತು ಮಾಡುವ ಗಟ್ಟಿ ರಬ್ಬರಿನ ಟೈರುಗಳು. 195/60ರಲ್ಲಿ ಒದ್ದೆ ರಸ್ತೆಯ ಹಿಡಿತಕ್ಕೆಂದೇ ಮಾಡಿದ ಮೆತ್ತನೆಯ ರಬ್ಬರ್ ಸಿಕ್ಕಿತು. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಟೈರ್ ಆಮದನ್ನು ನಿರ್ಬಂಧಿತ ಪಟ್ಟಿಗೆ ಸೇರಿಸಿದ ಮೇಲೆ ಕೆಲವು ಅಳತೆಗಳಲ್ಲಿ ಆಯ್ಕೆಯೇ ಕಿರಿದಾಗಿದೆ. ಆದ್ದರಿಂದ ಅಳತೆ ಮೊದಲು, ಟೈರ್ ಆಮೇಲೆ ಎನ್ನುವುದಕ್ಕಿಂತ, ಲೆಕ್ಕಕ್ಕೆ ಒಗ್ಗುವ ಎರಡು ಮೂರು ಅಳತೆಗಳನ್ನು ಬರೆದುಕೊಂಡು ಅವುಗಳಲ್ಲಿ ಯಾವುದರಲ್ಲಿ ಒಳ್ಳೆಯ ರಬ್ಬರ್ ಸಿಗುತ್ತದೆ ಎಂದು ಹುಡುಕುವುದು ಜಾಣತನ. ಬ್ರ್ಯಾಂಡಿನ ಹೆಸರು ಹೇಳುವುದಿಲ್ಲ, ಹೇಳಿದರೆ ಇದು ಜಾಹೀರಾತಾಗುತ್ತದೆ. ಎಐಎಸ್-142 ಎಂಬ ಮಾನದಂಡ ಒದ್ದೆ ಹಿಡಿತ, ಉರುಳುವ ಪ್ರತಿರೋಧ, ಸದ್ದು ಮೂರನ್ನೂ ಅಳೆಯುತ್ತದೆ. ಅಂಗಡಿಯಲ್ಲಿ ನೀವು ಈ ಮೂರನ್ನೂ ಕೇಳಿ. ಅವರು ಉತ್ತರಿಸುವುದು ಮಾತ್ರ ‘ಎಷ್ಟು ಕಿಲೋಮೀಟರ್ ಬಾಳುತ್ತದೆ’ ಎಂಬುದಕ್ಕೆ.

ತಯಾರಾದ ದಿನಾಂಕ ನೋಡುವುದನ್ನು ಮರೆಯಬೇಡಿ. ಪಕ್ಕೆಯ ಮೇಲೆ ಅಂಡಾಕಾರದ ಚೌಕಟ್ಟಿನಲ್ಲಿ ನಾಲ್ಕು ಅಂಕಿ ಇರುತ್ತವೆ: 2324 ಎಂದಿದ್ದರೆ 2024ರ 23ನೇ ವಾರ. ಒಂದು ಕಡೆ ‘ಹೊಸ ಸ್ಟಾಕ್’ ಎಂದು ತೋರಿಸಿದ ನಾಲ್ಕರಲ್ಲಿ ಎರಡು ಒಂದು ವರ್ಷದವು, ಎರಡು ಮೂರು ವರ್ಷದವು. ನಾಲ್ಕನ್ನೂ ಟಾರ್ಚ್ ಹಾಕಿ ಓದಿದೆ. ಅಂಗಡಿಯ ಹುಡುಗ, ‘ನೀವು ಇನ್‌ಕಮ್ ಟ್ಯಾಕ್ಸಿನವರೇ ಮೇಡಂ?’ ಎಂದು ಕೇಳಿದ.

ಮಳೆಗಾಲದಲ್ಲಿ ಹೇಗಿದೆ ಎಂದರೆ: ಒದ್ದೆಯಲ್ಲಿ ಬ್ರೇಕ್ ಹಾಕಿದಾಗ ಎಬಿಎಸ್ ಗುರುಗುಟ್ಟುವುದು ಸ್ಪಷ್ಟವಾಗಿ ಕಡಿಮೆಯಾಗಿದೆ, ಗುಂಡಿಗಳ ಪೆಟ್ಟು ಸಣ್ಣದಾಗಿದೆ. ಇದರಲ್ಲಿ ಹೊಸ ಗೀರಿನ ಪಾಲೆಷ್ಟು, ರಬ್ಬರಿನ ಪಾಲೆಷ್ಟು ಎಂದು ಬೇರ್ಪಡಿಸಿ ಹೇಳುವುದು ಕಷ್ಟ. ಅಗಲದ ಪಾಲು ಕಡಿಮೆ ಎಂಬುದು ನನ್ನ ಅನುಮಾನ. ಕಳೆದುಕೊಂಡದ್ದೂ ಇದೆ. ತಿರುವಿಗೆ ಇಳಿಯುವ ಮೊದಲ ಕ್ಷಣದಲ್ಲಿ ಕಾರು ಹಿಂದಿನಷ್ಟು ಥಟ್ಟನೆ ಮೂಗು ತಿರುಗಿಸುವುದಿಲ್ಲ. ಸ್ಟಿಯರಿಂಗಿಗೂ ಚಕ್ರಕ್ಕೂ ನಡುವೆ ಒಂದು ಸಣ್ಣ ವಿರಾಮ. ಹದಿನಾರು ಇಂಚಿಗೆ ಹೋಗಿದ್ದರೆ ಇದು ಇರುತ್ತಿರಲಿಲ್ಲ. ಅಣ್ಣನ ಮಗ ಓಡಿಸಿ ನೋಡಿ ಇದನ್ನೇ ಹೇಳಿದ, ಅವನು ಹೇಳಿದ್ದು ಸರಿ.

ಹಾಕಿಸುವಾಗ ಗಮನಿಸಬೇಕಾದ ಕೆಲವು: ಗಾಳಿಯ ಗನ್ನಿನಿಂದ ಬೋಲ್ಟ್ ಬಿಗಿದು ಬಿಟ್ಟುಬಿಡಲು ಒಪ್ಪಬೇಡಿ, ಟಾರ್ಕ್ ವ್ರೆಂಚ್ ಹಿಡಿದು 120 ನ್ಯೂಟನ್ ಮೀಟರಿಗೆ ಬಿಗಿಯಲು ಹೇಳಿ. ಅತಿಯಾಗಿ ಬಿಗಿದ ಬೋಲ್ಟ್ ಮಳೆಯ ರಾತ್ರಿ ದಾರಿ ಬದಿಯಲ್ಲಿ ನಿಮ್ಮ ಕೈಗೆ ಬಿಚ್ಚಿಕೊಳ್ಳುವುದಿಲ್ಲ. ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್ ಆಗಲೇಬೇಕು. ಹೊಸ ಟೈರಿನ ಮೇಲೆ ಅಚ್ಚಿನಿಂದ ಬಿಡಿಸಲು ಬಳಸಿದ ಜಾರುಪದರ ಇರುತ್ತದೆ, ಮೊದಲ ಕೆಲವು ನೂರು ಕಿಲೋಮೀಟರ್ ಹುಷಾರಾಗಿ ಓಡಿಸಿ. ಎರಡೇ ಟೈರ್ ಕೊಳ್ಳುವವರಾದರೆ ಹೊಸವು ಹಿಂದಕ್ಕೆ, ಮುಂದಿನ ಚಕ್ರಕ್ಕೆ ಶಕ್ತಿ ಹೋಗುವ ಕಾರಾದರೂ ಸರಿ. ಒದ್ದೆ ತಿರುವಿನಲ್ಲಿ ಹಿಂಭಾಗ ಜಾರಿದರೆ ಸಾಮಾನ್ಯ ಚಾಲಕರ ಕೈಗೆ ಕಾರು ಸಿಗುವುದಿಲ್ಲ.

ಸ್ಟೆಪ್ನಿ ಮಾತ್ರ ಹಳೆಯ 185/60ರಲ್ಲೇ ಉಳಿದಿದೆ. ಶೇಕಡಾ ಎರಡು ಚಿಕ್ಕ ಚಕ್ರವನ್ನು ಮುಂದೆ ಒಂದು ಬದಿಗೆ ಹಾಕಿ ದೂರ ಓಡಿಸಿದರೆ ಎಡಬಲ ಚಕ್ರಗಳ ವೇಗದ ವ್ಯತ್ಯಾಸ ಸರಿದೂಗಿಸುವ ಡಿಫರೆನ್ಷಿಯಲ್ ಬಿಡುವಿಲ್ಲದೆ ತಿರುಗುತ್ತಿರಬೇಕಾಗುತ್ತದೆ. ಮುಂದಿನ ಚಕ್ರ ಪಂಕ್ಚರಾದರೆ ಹಿಂದಿನ ಒಂದನ್ನು ಮುಂದಕ್ಕೆ ತಂದು, ಸ್ಟೆಪ್ನಿಯನ್ನು ಹಿಂದೆ ಹಾಕಬೇಕು. ಎರಡು ಸಲ ಜ್ಯಾಕ್ ಎತ್ತುವ ಕೆಲಸ. ಹಾಗೆ ಹಾಕಿಕೊಂಡು 80ರ ಒಳಗೆ ಓಡಿಸಿ, ಸಿಕ್ಕಿದ ಮೊದಲ ಪಂಕ್ಚರ್ ಅಂಗಡಿಯಲ್ಲಿ ಸರಿಮಾಡಿಸಿಕೊಳ್ಳುವುದು. ಉಪ್ಪಿನಂಗಡಿಯಿಂದ ಸಕಲೇಶಪುರದ ನಡುವೆ ರಾತ್ರಿ ಹೊತ್ತು ಅಂಥ ಅಂಗಡಿ ತೆರೆದಿರುವುದು ಅಪರೂಪ. ಹಾಗಾಗಿ ಡಿಕ್ಕಿಯಲ್ಲಿ ಪಂಕ್ಚರ್ ಕಿಟ್ಟನ್ನೂ ಸಿಗರೇಟ್ ಲೈಟರ್ ತೂತಿಗೆ ಸಿಕ್ಕಿಸುವ ಗಾಳಿ ಪಂಪನ್ನೂ ಇಟ್ಟುಕೊಂಡಿದ್ದೇನೆ.